ಕಲ್ಲುಹೂವೇ ಮೊದಲು ಬರಬೇಕಾ?

ಬರೀ ಬಂಡೆ ಮೇಲೆ ಮೊದಲು ಕಲ್ಲುಹೂವು (ಬಂಡೆಗೆ ಅಂಟಿ ಬೆಳೆಯೋ ಲೈಕನ್) ಬರುತ್ತೆ, ಆಮೇಲೆ ಪಾಚಿ (ಮಾಸ್), ಹುಲ್ಲು, ಪೊದೆ, ಕೊನೆಗೆ ಕಾಡು, ಈ ಕ್ರಮ ಯಾವಾಗ್ಲೂ ಹೀಗೇನಾ ಅಂತ ಕೇಳಿದ್ರಲ್ಲ, ಇಲ್ಲ ರೀ, ಅದು ಕಲಿಯೋಕೆ ಸುಲಭ ಆಗ್ಲಿ ಅಂತ ಪಠ್ಯಪುಸ್ತಕದಲ್ಲಿ ಹಾಕಿರೋ ಚಿತ್ರ ಅಷ್ಟೆ.

ಐಸ್‌ಲ್ಯಾಂಡ್ ಹತ್ರ 1963ರಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿಯಿಂದ ಸರ್ಟ್ಸಿ ಅನ್ನೋ ಹೊಸ ದ್ವೀಪಾನೇ ಎದ್ದು ಬಂತು. ಅಲ್ಲಿ 1965ರಲ್ಲೇ ದಡದಲ್ಲಿ ಹೂ ಬಿಡೋ ಜಾತಿ ಗಿಡ ಸಿಕ್ತು, ಪಾಚಿ ಕಂಡಿದ್ದು 1967ರಲ್ಲಿ, ಕಲ್ಲುಹೂವು 1970ರಲ್ಲಿ, ಅಂದ್ರೆ ಪುಸ್ತಕದ ಕ್ರಮ ಪೂರ್ತಿ ಉಲ್ಟಾ! ಬೀಜ ಅಲೆ ಜೊತೆ ತೇಲಿ ಬಂತು, ಯಾರು ಮೊದ್ಲು ತಲುಪಿದ್ರೋ ಅವ್ರು ಬೇರು ಬಿಟ್ರು. ಆದ್ರೂ ಸುಮಾರು ವರ್ಷ ಗಿಡಗಳು ಸೊರಗಿಕೊಂಡೇ ಇದ್ವು, ಯಾಕಂದ್ರೆ ಆ ಬೂದಿ ಮರಳಲ್ಲಿ ಗಿಡ ಬೆಳೆಯೋಕೆ ಬೇಕಾದ ಸಾರಜನಕ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ ಇತ್ತು. 1986ರ ಸುಮಾರಿಗೆ ಗಲ್ ಅನ್ನೋ ಕಡಲ ಹಕ್ಕಿಗಳು ಗುಂಪಾಗಿ ಗೂಡು ಕಟ್ಟೋಕೆ ಶುರು ಮಾಡಿದ್ಮೇಲೆ ಅವುಗಳ ಹಿಕ್ಕೆಯಿಂದ ನೆಲಕ್ಕೆ ಗೊಬ್ಬರ ಸಿಕ್ಕಿ, ಆ ಜಾಗ ಹಸಿರಾಗ್ತಾ ಹೋಯ್ತು, ನಂಗೆ ಇದು ಎಷ್ಟು ಸಲ ಓದಿದ್ರೂ ಖುಷಿ ಕೊಡೋ ವಿಷ್ಯ.

ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಪರ್ವತ 1980ರಲ್ಲಿ ಸಿಡಿದಾಗಂತೂ ಕೆಲವು ಕಡೆ ನೆಲದೊಳಗೆ ಬಿಲದಲ್ಲಿದ್ದ ಗೋಫರ್ ಅನ್ನೋ ಇಲಿಯಂಥ ಪ್ರಾಣಿಗಳು ಬದುಕುಳಿದು, ಬೂದಿ ಕೆಳಗಿನ ಹಳೇ ಮಣ್ಣನ್ನ ಮೇಲಕ್ಕೆ ಎತ್ತಿ ಹಾಕಿದ್ವು, ಗಿಡ ಬೇರು ಬಿಡೋಕೆ ಅದು ಅನುಕೂಲ ಆಯ್ತು. ಹಾಗಾಗಿ ಕ್ರಮ ಬಾಯಿಪಾಠ ಮಾಡೋ ಬದ್ಲು ಏನು ಉಳಿದಿತ್ತು, ಯಾರು ಬಂದ್ರು, ಬಂದವ್ರು ನೆಲಾನ ಹೇಗೆ ಬದಲಾಯಿಸಿದ್ರು ಅಂತ ನೋಡಿ.