ಇನ್‌ಕಾಗ್ನಿಟೋದಲ್ಲಿ ಹುಡುಕಿದರೆ ನಿಜವಾಗಲೂ ಯಾರಿಗೂ ಕಾಣಲ್ವಾ? ಯಾವ ಬ್ರೌಸರ್ ಒಳ್ಳೆಯದು?

ಪ್ರಶ್ನೆ: ಹಾಸನದಲ್ಲಿ ಪಿಜಿಯಲ್ಲಿದ್ದೇನೆ. ಒಂದು ಆರೋಗ್ಯದ ವಿಷಯ ಹುಡುಕಿ ಓದಬೇಕಿದೆ, ಯಾರಿಗೂ ಗೊತ್ತಾಗಬಾರದು. ಇರೋದು ಆಫೀಸಿನ ಲ್ಯಾಪ್‌ಟಾಪ್, ನನ್ನ ಮೊಬೈಲ್ ಮತ್ತು ಪಿಜಿ ವೈಫೈ. ಇನ್‌ಕಾಗ್ನಿಟೋ ಹಾಕಿದರೆ ಸಾಕಾ? ಯಾವ ಬ್ರೌಸರ್ ಬಳಸಲಿ? "ಮುಚ್ಚಿಡೋಕೆ ಅಂಥದ್ದೇನಿದೆ?" ಅಂತ ರೂಮ್‌ಮೇಟ್ ಕೇಳ್ತಾಳೆ.

ಉತ್ತರ:

ಸಾಕಾಗಲ್ಲ. ಇನ್‌ಕಾಗ್ನಿಟೋ ಅಂದರೆ ನೀವು ನೋಡಿದ್ದನ್ನು ಆ ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಉಳಿಸದ ಬ್ರೌಸರ್ ಮೋಡ್, ಅಷ್ಟೇ. ಅದರಲ್ಲೂ ಆಫೀಸಿನ ಲ್ಯಾಪ್‌ಟಾಪನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಕಂಪನಿಯವರು ಅದರಲ್ಲಿ ನಿಗಾ ಇಡುವ ಸಾಫ್ಟ್‌ವೇರ್ ಹಾಕಿದ್ದರೆ ಯಾವ ಬ್ರೌಸರ್ ಆದರೂ, ಯಾವ ಮೋಡ್ ಆದರೂ ಅವರಿಗೆ ಕಾಣುತ್ತದೆ.

ನಾನು ಹಾಸನದಲ್ಲೇ ಹನ್ನೆರಡು ವರ್ಷದಿಂದ ಸೈಬರ್ ಸೆಂಟರ್ ನಡೆಸುತ್ತಿದ್ದೇನೆ. ಐದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್. ಪಹಣಿ ತೆಗೆಸೋರು, ಜಾತಿ-ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕೋರು, ಸ್ಕಾಲರ್‌ಶಿಪ್ ಮಕ್ಕಳು, ಸಿಇಟಿ ಸಮಯದಲ್ಲಿ ಆಪ್ಷನ್ ಎಂಟ್ರಿ ಮಾಡೋರು. ಒಂದೇ ಕುರ್ಚಿಯಲ್ಲಿ ದಿನಕ್ಕೆ ಇಪ್ಪತ್ತು ಜನ ಕೂತು ಏಳುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ದಿನವೂ ಎದುರಾಗುವ ವಿಷಯ.

ಶುರುವಿನ ವರ್ಷಗಳಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಬಂದು ಮೂಲೆಯ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಏನೋ ನೋಡಿ, ದುಡ್ಡು ಕೊಟ್ಟು ಹೋದಳು. ಅದೇ ಕುರ್ಚಿಗೆ ಅವಳ ಊರಿನವನೇ ಒಬ್ಬ ಬಂದು ಕೂತ. ಸರ್ಚ್ ಬಾಕ್ಸಿನಲ್ಲಿ ಒಂದಕ್ಷರ ಒತ್ತಿದ್ದೇ ತಡ, ಅವಳು ಹುಡುಕಿದ್ದು ಪೂರ್ತಿ ಸಾಲಾಗಿ ಕೆಳಗೆ ಇಳಿಯಿತು. ಹೆರಿಗೆ ಆಸ್ಪತ್ರೆಗೆ ಸಂಬಂಧಪಟ್ಟ ವಿಷಯ. ಅವನು ಓದಿದ, ಬಾಗಿಲ ಕಡೆ ತಿರುಗಿ ನೋಡಿದ. ನಾನು ಹಿಂದೆ ನಿಂತಿದ್ದೆ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಆ ರಾತ್ರಿಯೇ ಐದೂ ಕಂಪ್ಯೂಟರಿನ ಹಿಸ್ಟರಿ ಅಳಿಸಿ, ಬ್ರೌಸರ್ ಮುಚ್ಚಿದರೆ ಏನೂ ಉಳಿಯದ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ.

ಇನ್‌ಕಾಗ್ನಿಟೋ ಇರುವುದು ಇಂಥದ್ದಕ್ಕೆ. ನಿಮ್ಮ ಬಳಿಕ ಅದೇ ಕುರ್ಚಿಯಲ್ಲಿ ಕೂರುವವರಿಂದ, ನಿಮ್ಮ ಮೊಬೈಲ್ ಕೈಗೆತ್ತಿಕೊಳ್ಳುವವರಿಂದ ಅದು ಕಾಪಾಡುತ್ತದೆ. ಹಿಸ್ಟರಿ, ಕುಕೀ (ನಿಮ್ಮನ್ನು ಗುರುತಿಸಲು ಸೈಟುಗಳು ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತು), ಫಾರ್ಮಿನಲ್ಲಿ ತುಂಬಿದ್ದು ಎಲ್ಲ ಕಿಟಕಿ ಮುಚ್ಚಿದಾಗ ಹೋಗುತ್ತದೆ. ಕಿಟಕಿ ಅಂದರೆ ಎಲ್ಲ ಇನ್‌ಕಾಗ್ನಿಟೋ ಕಿಟಕಿಗಳೂ. ಒಂದು ಟ್ಯಾಬ್ ಮುಚ್ಚಿ ಇನ್ನೊಂದು ಬಿಟ್ಟರೆ ಲಾಗಿನ್ ಹಾಗೇ ಇರುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ನಮ್ಮಲ್ಲಿ ಸಂಜೆ ಅಂಗಡಿ ಮುಚ್ಚುವಾಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲುಸಾಲು ಇರುತ್ತವೆ. "ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಅಣ್ಣ" ಅನ್ನುತ್ತಾರೆ. ಇ-ಆಧಾರ್ ಪಾಸ್‌ವರ್ಡ್ ಏನು ಹೇಳಿ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ಪರಿಚಯದವರಿಗೆ ಅದೇನು ದೊಡ್ಡ ಗುಟ್ಟಾ? ಪ್ರಿಂಟ್ ಆದ ಮೇಲೆ ಫೈಲ್ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಿಂದಲೂ ತೆಗೆದೇ ಏಳಿ. ನಾನಂತೂ ರಾತ್ರಿ ಇದನ್ನು ಮಾಡದೆ ಬೀಗ ಹಾಕುವುದಿಲ್ಲ.

ಈಗ ನಿಮ್ಮ ಪಿಜಿ ವೈಫೈ. ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಹೋದಿರಿ ಅಂದುಕೊಳ್ಳಿ. ಇಳಿದ ಮೇಲೆ ಟಿಕೆಟ್ ಹರಿದು ಎಸೆದರೆ ಮನೆಯವರಿಗೆ ಟಿಕೆಟ್ ಸಿಗುವುದಿಲ್ಲ. ಆದರೆ ಕಂಡಕ್ಟರ್‌ಗೆ ನೀವು ಬೇಲೂರಿನಲ್ಲಿ ಇಳಿದದ್ದು ಗೊತ್ತು. ಯಾರ ಮನೆಗೆ ಹೋದಿರಿ, ಏನು ಮಾತಾಡಿದಿರಿ ಅನ್ನುವುದು ಗೊತ್ತಿಲ್ಲ. ಇಂಟರ್ನೆಟ್ಟೂ ಹೀಗೇ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಇದ್ದರೆ ನೀವು ಯಾವ ಪುಟ ಓದಿದಿರಿ, ಏನು ಟೈಪ್ ಮಾಡಿದಿರಿ ಅನ್ನುವುದು ವೈಫೈ ಮಾಲೀಕರಿಗೆ ಕಾಣಲ್ಲ. ಯಾವ ಸೈಟಿಗೆ ಹೋದಿರಿ ಅನ್ನುವುದು ಕಾಣಬಹುದು. ಕೆಲವು ಸಲ ಸೈಟಿನ ಹೆಸರೇ ಎಲ್ಲ ಹೇಳಿಬಿಡುತ್ತದೆ, ಅಲ್ವಾ? ಮೊಬೈಲ್ ಡೇಟಾ ಹಾಕಿಕೊಂಡರೆ ಪಿಜಿಯವರು ಈ ದಾರಿಯಿಂದ ಹೊರಗಾಗುತ್ತಾರೆ. ಸಿಮ್ ಕಂಪನಿ ಉಳಿಯುತ್ತದೆ, ಆದರೆ ಅವರು ನಿಮ್ಮ ಎದುರು ಕೂತು ಊಟ ಮಾಡುವವರಲ್ಲ.

ವಿಪಿಎನ್ (ನಿಮ್ಮ ಇಂಟರ್ನೆಟ್ ಓಡಾಟವನ್ನು ಮುಚ್ಚಿ ತನ್ನ ಕಂಪ್ಯೂಟರಿನ ಮೂಲಕ ಕಳಿಸುವ ಸೇವೆ) ಹಾಕಿದರೆ ನಂಬಿಕೆ ಪಿಜಿಯವರಿಂದ ವಿಪಿಎನ್ ಕಂಪನಿಗೆ ವರ್ಗವಾಗುತ್ತದೆ, ಅಷ್ಟೇ. ಬಿಟ್ಟಿ ಸಿಗುವ ವಿಪಿಎನ್ ಆಪ್‌ಗಳನ್ನಂತೂ ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಆ ಕಡೆಯ ಸೈಟುಗಳು. ಇನ್‌ಕಾಗ್ನಿಟೋದಲ್ಲೂ ಗೂಗಲ್‌ಗೆ ಲಾಗಿನ್ ಆದರೆ ಹುಡುಕಿದ್ದು ನಿಮ್ಮ ಖಾತೆಗೇ ಹೋಗಿ ಕೂರಬಹುದು. ಲಾಗಿನ್ ಆಗದಿದ್ದರೂ ಮಾಹಿತಿ ಸಂಗ್ರಹ ನಡೆಯುತ್ತಿತ್ತು ಅಂತ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸ್ ಹಾಕಿದರು. 2024ರಲ್ಲಿ ಅದು ರಾಜಿಯಾಯಿತು, ಸಂಗ್ರಹಿಸಿದ್ದ ಕೋಟಿಗಟ್ಟಲೆ ದಾಖಲೆ ಅಳಿಸಲು ಗೂಗಲ್ ಒಪ್ಪಿತು. ಇನ್‌ಕಾಗ್ನಿಟೋ ತೆರೆದಾಗ ಬರುವ ಸೂಚನೆಯ ಮಾತುಗಳೂ ಬದಲಾದವು. ಆ ಸೂಚನೆಯನ್ನು ಒಮ್ಮೆ ಪೂರ್ತಿ ಓದಿ. ನಾನು ಇಲ್ಲಿ ಹೇಳಿದ್ದರಲ್ಲಿ ಅರ್ಧ ಅದರಲ್ಲೇ ಇದೆ.

ಕುಕೀ ಇಲ್ಲದೆಯೂ ಗುರುತು ಹಿಡಿಯುವ ದಾರಿ ಇದೆ. ಸ್ಕ್ರೀನ್ ಅಳತೆ, ಫಾಂಟುಗಳು, ಭಾಷೆ, ಇವನ್ನೆಲ್ಲ ಸೇರಿಸಿದರೆ ನಿಮ್ಮ ಬ್ರೌಸರ್ ಬೆರಳಚ್ಚಿನ ಹಾಗೆ ಬೇರೆಯಾಗಿ ಕಾಣುತ್ತದೆ. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನುವ ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಪರೀಕ್ಷಿಸಿದ ಬ್ರೌಸರ್‌ಗಳಲ್ಲಿ ನೂರಕ್ಕೆ 83ಕ್ಕೂ ಹೆಚ್ಚಿಗೆ ಒಂದರಂತೆ ಇನ್ನೊಂದು ಇರಲಿಲ್ಲ. ಬ್ರೌಸರ್ ಭಾಷೆ ಕನ್ನಡ ಅಂತ ಇಟ್ಟರೆ ನಾವು ಇನ್ನೂ ಸುಲಭವಾಗಿ ಬೇರೆ ಕಾಣುತ್ತೇವೆ. ಹಾಗಂತ ನಾನು ಕನ್ನಡ ಬಿಡಲಿಲ್ಲ, ನೀವೂ ಬಿಡಬೇಡಿ.

ಬ್ರೌಸರ್ ಯಾವುದು ಅಂದರೆ, ನನ್ನ ಆಯ್ಕೆ ಫೈರ್‌ಫಾಕ್ಸ್. 2022ರಿಂದ ಕಂಪ್ಯೂಟರಿನ ಫೈರ್‌ಫಾಕ್ಸ್ ಒಂದೊಂದು ಸೈಟಿನ ಕುಕೀಯನ್ನೂ ತಾನಾಗಿಯೇ ಬೇರೆ ಬೇರೆ ಇಡುತ್ತದೆ. ಈ ಸೈಟಿನಲ್ಲಿ ನೋಡಿದ್ದನ್ನು ಆ ಸೈಟಿನಲ್ಲಿ ಜಾಹೀರಾತಾಗಿ ಬೆನ್ನು ಹತ್ತಿಸುವುದು ಇದರಿಂದ ಕಷ್ಟವಾಗುತ್ತದೆ. ಆಂಡ್ರಾಯ್ಡ್ ಮೊಬೈಲಿನ ಫೈರ್‌ಫಾಕ್ಸ್‌ನಲ್ಲೂ ಯುಬ್ಲಾಕ್ ಆರಿಜಿನ್ ಅನ್ನುವ, ಜಾಹೀರಾತು ಮತ್ತು ಬೆನ್ನು ಹತ್ತುವ ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬಹುದು. ಮೊಬೈಲಿನ ಕ್ರೋಮ್‌ನಲ್ಲಿ ಅದು ಆಗಲ್ಲ. ಬ್ರೇವ್ ಕೂಡ ಚೆನ್ನಾಗಿದೆ, ಟ್ರ್ಯಾಕರ್ ತಡೆಯುವುದು ಅದರಲ್ಲಿ ಹಾಕಿಯೇ ಬರುತ್ತದೆ. ಕ್ರೋಮ್ ನನ್ನ ಅಂಗಡಿಯಲ್ಲೂ ಇದೆ, ಯಾಕಂದರೆ ಕೆಲವು ಅರ್ಜಿ ಪುಟಗಳು ನನಗೆ ಅದರಲ್ಲೇ ಸರಿಯಾಗಿ ತೆರೆದಿವೆ. ಆದರೆ ಅದನ್ನು ಗೆಸ್ಟ್ ಮೋಡ್‌ನಲ್ಲೇ (ಮುಚ್ಚಿದ ಮೇಲೆ ಹಿಸ್ಟರಿ ಉಳಿಸದ ಅತಿಥಿ ಮೋಡ್) ತೆರೆದು ಕೊಡುತ್ತೇನೆ.

"ಮುಚ್ಚಿಡೋಕೆ ಅಂಥದ್ದೇನಿದೆ" ಅನ್ನುವ ನಿಮ್ಮ ರೂಮ್‌ಮೇಟಿಗೆ ಒಂದು ಮಾತು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ದಿನ ಮೂಲೆಯ ಕಂಪ್ಯೂಟರಿನಲ್ಲಿ ಕೂತಿದ್ದ ಹುಡುಗಿ ಯಾವ ತಪ್ಪೂ ಮಾಡಿರಲಿಲ್ಲ. ತನ್ನ ದೇಹದ ಬಗ್ಗೆ ಒಂದು ವಿಷಯ ತಿಳಿಯಬೇಕಿತ್ತು, ಅಷ್ಟೇ.

ನೀವು ಹೀಗೆ ಮಾಡಿ. ಮೊಬೈಲಿನಲ್ಲಿ ವೈಫೈ ಆಫ್ ಮಾಡಿ, ಡೇಟಾ ಆನ್ ಮಾಡಿ. ಫೈರ್‌ಫಾಕ್ಸ್ ಹಾಕಿಕೊಂಡು ಪ್ರೈವೇಟ್ ಟ್ಯಾಬ್ (ಇನ್‌ಕಾಗ್ನಿಟೋಗೆ ಅದರಲ್ಲಿರುವ ಹೆಸರು) ತೆರೆಯಿರಿ. ಎಲ್ಲೂ ಲಾಗಿನ್ ಆಗಬೇಡಿ, "ಗೂಗಲ್ ಮೂಲಕ ಮುಂದುವರಿಯಿರಿ" ಅಂತ ಕೇಳಿದರೂ ಬೇಡ. ಏನಾದರೂ ಉಳಿಸಿಕೊಳ್ಳಬೇಕಾದರೆ ಪಿಡಿಎಫ್ ಇಳಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ. ಸ್ಕ್ರೀನ್‌ಶಾಟ್ ಗ್ಯಾಲರಿಯಲ್ಲಿ ಕೂರುತ್ತದೆ, ಗ್ಯಾಲರಿ ಬ್ಯಾಕಪ್ ಆಗುತ್ತದೆ. ಸುಮ್ನೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಓದಿ ಮುಗಿದ ಮೇಲೆ ಎಲ್ಲ ಪ್ರೈವೇಟ್ ಟ್ಯಾಬ್ ಮುಚ್ಚಿ. ಆ ಚೀಟಿ ಹಿಡಿದುಕೊಂಡು ಒಬ್ಬ ಡಾಕ್ಟರನ್ನು ನೋಡಿ. ಎಲ್ಲಿಯಾದರೂ ಸೆಟ್ಟಿಂಗ್ ಸಿಗದಿದ್ದರೆ ಇಲ್ಲೇ ಕೇಳಿ, ಮೊಬೈಲ್ ಯಾವುದು ಅಂತ ಹೇಳಿದರೆ ಸಾಕು. ಏನು ಹುಡುಕುತ್ತಿದ್ದೀರಿ ಅಂತ ನನಗೂ ಹೇಳುವುದು ಬೇಡ.