ಮನೆಯಲ್ಲೇ ವಾಲ್ವ್ ಗ್ರೈಂಡ್ ಮಾಡಿ ಹೆಡ್ ಕೂರಿಸಿದ ಮೇಲೆ ಲಾರಿ ಎಂಜಿನ್ ಮಿಸ್ ಹೊಡೆಯುತ್ತಿದೆ, ಎಲ್ಲಿಂದ ಹುಡುಕಲಿ?

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲಿದೆ: "ರಾಕರ್ ಶಾಫ್ಟ್ ಹಾಗೇ ಬಿಚ್ಚಿ ಹಾಗೇ ಕೂರಿಸಿದೆ, ಸ್ಕ್ರೂ ಮುಟ್ಟಿಲ್ಲ, ಆದ್ದರಿಂದ ಟ್ಯಾಪೆಟ್ ಸೆಟ್ಟಿಂಗ್ ಬದಲಾಗಿಲ್ಲ." ನನ್ನ ಅನುಮಾನ ಮೊದಲು ಹೋಗುವುದು ಆ ಸಾಲಿನ ಮೇಲೆ. ನಿಮ್ಮದು ಆರು ಸಿಲಿಂಡರಿನ ಪುಶ್ ರಾಡ್ (ಕೆಳಗಿನಿಂದ ರಾಕರನ್ನು ತಳ್ಳುವ ಕಡ್ಡಿ) ಇರುವ ಡೀಸೆಲ್ ಎಂಜಿನ್, ಹಳೇ ಮಾದರಿಯ ಇನ್‌ಲೈನ್ ಪಂಪ್, ಮೂರನೇ ಸಿಲಿಂಡರಿಗೆ ಹೊಸ ಎಕ್ಸಾಸ್ಟ್ ವಾಲ್ವ್, ಹನ್ನೆರಡೂ ವಾಲ್ವಿಗೆ ಕೈಯಲ್ಲೇ ಗ್ರೈಂಡಿಂಗ್, ಹೊಸ ಹೆಡ್ ಗ್ಯಾಸ್ಕೆಟ್. ಸ್ಟಾರ್ಟ್ ಮಾಡಿದಾಗ ಪರವಾಗಿಲ್ಲ, ಬಿಸಿಯಾದ ಮೇಲೆ ಐಡಲ್‌ನಲ್ಲಿ ಕ್ಯಾಬಿನ್ ನಡುಗುತ್ತದೆ, ಬಿಳಿ ಹೊಗೆ ಬರುತ್ತದೆ. ಇಷ್ಟೂ ಲಕ್ಷಣ ಟ್ಯಾಪೆಟ್ ಸೆಟ್ಟಿಂಗ್ ಕೆಟ್ಟದ್ದಕ್ಕೇ ಹೊಂದುತ್ತವೆ.

ಟ್ಯಾಪೆಟ್ ಸೆಟ್ಟಿಂಗ್ ಎಂದರೆ ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ಮತ್ತು ವಾಲ್ವ್ ಕಾಂಡದ ನಡುವಿನ ಗ್ಯಾಪ್. ಸ್ಕ್ರೂ ಮುಟ್ಟದಿದ್ದರೂ ಅದು ಬದಲಾಗಿರುತ್ತದೆ. ಪೇಸ್ಟ್ ಹಾಕಿ ತಿಕ್ಕಿದಷ್ಟೂ ವಾಲ್ವ್ ಹೆಡ್ಡಿನೊಳಕ್ಕೆ ಕೂರುತ್ತದೆ, ಅದರ ಕಾಂಡ ಆಚೆ ಬದಿಯಲ್ಲಿ ರಾಕರ್ ಕಡೆಗೆ ಅಷ್ಟೇ ಮೇಲೇಳುತ್ತದೆ. ಸೀಟು (ವಾಲ್ವ್ ಕೂತು ಮುಚ್ಚುವ ಅಂಚು) 45 ಡಿಗ್ರಿಯದಾದರೆ ಸವೆದದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಒಳಕ್ಕಿಳಿಯುತ್ತದೆ. ಹೊಸ ವಾಲ್ವಿನ ಉದ್ದ ಹಳೆಯದಕ್ಕೆ ಕೂದಲೆಳೆಯಷ್ಟೂ ಸರಿಹೊಂದಬೇಕೆಂದಿಲ್ಲ. ಗ್ಯಾಸ್ಕೆಟ್ ಹಳೆಯದಕ್ಕಿಂತ ತೆಳ್ಳಗಿದ್ದರೆ ಹೆಡ್ಡೂ ರಾಕರೂ ಒಟ್ಟಿಗೇ ಕೆಳಗಿಳಿಯುತ್ತವೆ, ಪುಶ್ ರಾಡ್ ಮಾತ್ರ ಇದ್ದಷ್ಟೇ ಉದ್ದ. ಹೀಗೆ ಗ್ಯಾಪ್ ಕರಗಿಹೋಗುತ್ತದೆ. ತಣ್ಣಗಿದ್ದಾಗ ವಾಲ್ವ್ ಹೇಗೋ ಮುಚ್ಚಿಕೊಳ್ಳುತ್ತದೆ. ಬಿಸಿಗೆ ಕಾಂಡ ಹಿಗ್ಗಿದಾಗ ರಾಕರ್ ಅದನ್ನು ಸೀಟಿನಿಂದ ಎತ್ತಿ ಹಿಡಿಯುತ್ತದೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಗಾಳಿಯ ಒತ್ತಡ) ಸೋರಿದರೆ ಗಾಳಿ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಉರಿಯದೆ ಕಣ್ಣುರಿಸುವ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಹೀಗೇ ಓಡಿಸಿದರೆ ಹೊಸ ವಾಲ್ವೂ ಸುಟ್ಟುಹೋಗುತ್ತದೆ, ಏಕೆಂದರೆ ವಾಲ್ವಿನ ತಲೆ ತಣ್ಣಗಾಗುವುದೇ ಸೀಟಿಗೆ ಒತ್ತಿಕೊಂಡಿದ್ದಾಗ. ಆದ್ದರಿಂದ ಲೋಡ್ ಹಾಕಬೇಡಿ.

ಮೊದಲು ಯಾವ ಸಿಲಿಂಡರ್ ಸತ್ತಿದೆ, ಅಂದರೆ ಉರಿಯದೆ ಮಿಸ್ ಆಗುತ್ತಿದೆ ಎಂದು ತಿಳಿಯಬೇಕು. ಎಂಜಿನ್ ಬಿಸಿಯಿದ್ದು ಐಡಲ್‌ನಲ್ಲಿ ನಡುಗುವಾಗ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸದ್ದು ಕೇಳಿಸಿಕೊಂಡು, ಮತ್ತೆ ಬಿಗಿ ಮಾಡಿ. ಸರಿಯಾಗಿ ಉರಿಯುತ್ತಿರುವ ಸಿಲಿಂಡರಿನ ನಟ್ ಸಡಿಲಿಸಿದ ಕ್ಷಣ ಎಂಜಿನ್ ಕುಗ್ಗುತ್ತದೆ. ಸತ್ತ ಸಿಲಿಂಡರಾದರೆ ಏನೂ ಬದಲಾಗುವುದಿಲ್ಲ. ಕನ್ನಡಕ ಹಾಕಿಕೊಳ್ಳಿ, ನಟ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಚಿಮ್ಮುವ ಡೀಸೆಲ್‌ಗೆ ಬರಿಗೈ ಒಡ್ಡಬೇಡಿ: ಆ ಒತ್ತಡದಲ್ಲಿ ಅದು ಚರ್ಮ ಸೀಳಿ ಒಳಹೋಗುತ್ತದೆ. ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಹೊಸ ಮಾದರಿ) ಇರುವವರು ಇದನ್ನು ಓದಿ ಪ್ರಯೋಗಕ್ಕೆ ಇಳಿಯಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಸ್ಕ್ಯಾನರ್ ಹಾಕಿಯೇ ನೋಡಬೇಕು.

ಮಿಸ್ಸಿಂಗ್ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಎಂಬಂತೆ ಅಲೆಯುತ್ತಿದ್ದರೆ ಅದು ಹೆಚ್ಚಾಗಿ ಡೀಸೆಲ್ ಲೈನಿಗೆ ಹೊಕ್ಕ ಗಾಳಿ. ಫಿಲ್ಟರ್ ಮತ್ತು ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪ್ರೈಮರ್ ಒತ್ತಿ.

ಈಗ ಟ್ಯಾಪೆಟ್. ಎಂಜಿನ್ ಪೂರ್ತಿ ಆರಲಿ, ಬ್ಯಾಟರಿ ತಂತಿ ಕಳಚಿ, ರಾಕರ್ ಕವರ್ ತೆಗೆಯಿರಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-5-3-6-2-4 ಎಂದುಕೊಂಡು ಬರೆಯುತ್ತೇನೆ, ಆರು ಸಿಲಿಂಡರಿನಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ. ಕ್ರ್ಯಾಂಕ್ ಕೈಯಿಂದ ತಿರುಗಿಸುತ್ತಾ ಆರನೇ ಸಿಲಿಂಡರಿನ ಎರಡು ರಾಕರ್ ಗಮನಿಸಿ. ಎಕ್ಸಾಸ್ಟ್ ಮುಚ್ಚುತ್ತಾ ಬಂದು ಇನ್‌ಟೇಕ್ ತೆರೆಯಲು ಶುರುವಾಗುವ ಆ ತೂಗಾಟದ ಘಳಿಗೆಯಲ್ಲಿ ನಿಲ್ಲಿಸಿ. ಆಗ ಒಂದನೇ ಸಿಲಿಂಡರ್ ಕಂಪ್ರೆಷನ್ ಟಾಪ್‌ನಲ್ಲಿರುತ್ತದೆ (ಪಿಸ್ಟನ್ ಗಾಳಿ ಒತ್ತಿ ತುದಿಗೇರಿ, ಎರಡೂ ವಾಲ್ವ್ ಮುಚ್ಚಿರುತ್ತವೆ), ಅದರ ಎರಡೂ ವಾಲ್ವ್ ಸೆಟ್ ಮಾಡಬಹುದು. ಮುಂದಕ್ಕೆ 120 ಡಿಗ್ರಿ ತಿರುಗಿಸಿದರೆ ಎರಡನೆಯದು ತೂಗುತ್ತದೆ, ಐದನೆಯದನ್ನು ಸೆಟ್ ಮಾಡಿ. ಹೀಗೇ ನಾಲ್ಕು ತೂಗಿದಾಗ ಮೂರು, ಒಂದು ತೂಗಿದಾಗ ಆರು, ಐದು ತೂಗಿದಾಗ ಎರಡು, ಮೂರು ತೂಗಿದಾಗ ನಾಲ್ಕು. ಬರೀ ಪುಲ್ಲಿ ಗುರುತು ನಂಬಿದರೆ ಮೋಸ ಹೋಗುತ್ತೀರಿ, ಏಕೆಂದರೆ ಆ ಗುರುತು ಎಕ್ಸಾಸ್ಟ್ ಟಾಪ್‌ನಲ್ಲೂ ಅದೇ ಜಾಗಕ್ಕೆ ಬರುತ್ತದೆ.

ಗ್ಯಾಪ್ ಎಷ್ಟು ಎಂಬುದು ನಿಮ್ಮ ಎಂಜಿನ್ ಮ್ಯಾನುಯಲ್‌ನಲ್ಲಿರುವಷ್ಟೇ. ಕಮಿನ್ಸ್ 5.9 ಲೀಟರಿನ ಹನ್ನೆರಡು ವಾಲ್ವ್ ಎಂಜಿನ್‌ಗೆ ತಣ್ಣಗಿರುವಾಗ ಇನ್‌ಟೇಕ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ. ಎರಡರ ನಡುವೆ ಎಷ್ಟು ಅಂತರ ನೋಡಿ. ಯಾವುದು ಇನ್‌ಟೇಕ್, ಯಾವುದು ಎಕ್ಸಾಸ್ಟ್ ಎಂದು ಮ್ಯಾನಿಫೋಲ್ಡ್ ನೋಡಿ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಂಡರೆ ಅದಲುಬದಲಾಗುವುದಿಲ್ಲ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಉಕ್ಕಿನ ಪಟ್ಟಿ) ಸ್ವಲ್ಪ ಹಿಡಿತದಿಂದ ಜಾರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ಸ್ವಲ್ಪ ತಿರುಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಗೇಜ್ ಮತ್ತೊಮ್ಮೆ ಹಾಕಲೇಬೇಕು. ಹಾಗೆಯೇ ಪ್ರತಿ ಪುಶ್ ರಾಡನ್ನೂ ಬೆರಳಲ್ಲಿ ತಿರುಗಿಸಿ ನೋಡಿ. ಒಂದು ರಾಡ್ ಕೆಳಗಿನ ಬಟ್ಟಲು ಬಿಟ್ಟು ಅಂಚಿನ ಮೇಲೆ ಕೂತಿದ್ದರೆ ಅದೊಂದೇ ಸಾಕು ಸಿಲಿಂಡರ್ ಕೆಡಿಸಲು.

ಇಷ್ಟಾದ ಮೇಲೂ ಅದೇ ಸಿಲಿಂಡರ್ ಮಿಸ್ ಆದರೆ ಇಂಜೆಕ್ಟರ್ ಕಳಚಿ ತಳದ ಕಾಪರ್ ವಾಷರ್ ನೋಡಿ. ಹಳೇ ವಾಷರ್ ಗುಂಡಿಯೊಳಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಬಿದ್ದಿದ್ದರೆ ನಾಝಲ್ ಮೇಲಕ್ಕುಳಿದು ಡೀಸೆಲ್ ತಪ್ಪು ಜಾಗಕ್ಕೆ ಸಿಡಿಯುತ್ತದೆ. ವಾಷರ್ ಇಲ್ಲದೆಯೇ ಕೂತಿದ್ದರೆ ಇಂಜೆಕ್ಟರ್ ಬುಡದಲ್ಲಿ ಚುಸ್ ಚುಸ್ ಎನ್ನುತ್ತದೆ, ಸುತ್ತ ಸ್ವಲ್ಪ ಡೀಸೆಲ್ ಸುರಿದರೆ ಗುಳ್ಳೆ ಏಳುತ್ತದೆ. ಅನುಮಾನವಿದ್ದರೆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ: ಮಿಸ್ಸಿಂಗ್ ಜೊತೆಗೇ ಹೋದರೆ ತಪ್ಪು ಇಂಜೆಕ್ಟರಿನದು.

ಇಂಜೆಕ್ಟರೂ ಸರಿಯಿದ್ದರೆ ಕಂಪ್ರೆಷನ್. ಡೀಸೆಲ್‌ಗೆ ಬೇರೆಯೇ ಗೇಜ್ ಬೇಕು, ಪೆಟ್ರೋಲ್ ಗೇಜ್ ಒಡೆದುಹೋಗುತ್ತದೆ. ಒಂದೊಂದು ಸಿಲಿಂಡರಿನ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ, ಒಂದು ಮಾತ್ರ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಸೋರಿಕೆ ಅಲ್ಲೇ. ಪೆಟ್ರೋಲ್ ಎಂಜಿನ್ನಿನಂತೆ ಒಳಗೆ ಆಯಿಲ್ ಸುರಿದು ಮತ್ತೆ ಅಳೆಯುವ ಉಪಾಯ ಇಲ್ಲಿ ಬೇಡ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ಬಹಳ ಕಡಿಮೆ, ಆಯಿಲ್ ಅದನ್ನೇ ತುಂಬಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು.

ಬದಲಿಗೆ ಆ ಸಿಲಿಂಡರನ್ನು ಕಂಪ್ರೆಷನ್ ಟಾಪ್‌ಗೆ ತಂದು, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಮೇಲಿನ ಸ್ಪ್ಯಾನರ್ ತೆಗೆದು (ಗಾಳಿ ಹೊಕ್ಕಾಗ ಕ್ರ್ಯಾಂಕ್ ರಪ್ಪನೆ ತಿರುಗಬಹುದು), ಇಂಜೆಕ್ಟರ್ ಗುಂಡಿಯಿಂದ ಕಂಪ್ರೆಸರ್ ಗಾಳಿ ಬಿಡಿ. ಆಮೇಲೆ ಕಿವಿ ಕೊಡಿ. ಏರ್ ಕ್ಲೀನರ್ ಕಡೆ ಸದ್ದಾದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್. ಆಯಿಲ್ ಹಾಕುವ ಬಾಯಲ್ಲಾದರೆ ಪಿಸ್ಟನ್ ರಿಂಗ್, ಅಲ್ಲಿ ಅಲ್ಪಸ್ವಲ್ಪ ಸದ್ದು ಸಹಜ. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟೋ ಹೆಡ್ಡಿನ ಬಿರುಕೋ ಇರಬೇಕು.

ಎಕ್ಸಾಸ್ಟ್ ವಾಲ್ವೇ ಸೋರುತ್ತಿದ್ದರೆ ಹೆಡ್ ಮತ್ತೆ ಇಳಿಸಲೇಬೇಕು. ಆಗ ಹೊಸ ವಾಲ್ವಿನ ಮುಖ ನೋಡಿ. ಸುತ್ತಲೂ ಎಲ್ಲೂ ತುಂಡಾಗದ, ಒಂದೂವರೆ ಎರಡು ಮಿ.ಮೀ. ಅಗಲದ ಮಾಸಲು ಬೂದು ಉಂಗುರ ಮುಖದ ನಡುವೆ ಬಿದ್ದಿರಬೇಕು. ಉಂಗುರ ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ಸಣಕಲು ಆಗಿದ್ದರೆ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಸವೆದಿದೆ. ವಾಲ್ವ್ ಪ್ರತಿ ಸಲ ಬೇರೆ ಬೇರೆ ಕಡೆ ಕೂರುತ್ತಿದೆ. ಹಳೇ ವಾಲ್ವ್ ಸುಡಲು ಕಾರಣವೂ ಬಹುಶಃ ಅದೇ. ಅದಕ್ಕೆ ಎಷ್ಟು ಪೇಸ್ಟ್ ತಿಕ್ಕಿದರೂ ಪ್ರಯೋಜನವಿಲ್ಲ, ಗೈಡ್ ಬದಲಿಸಿ ಸೀಟ್ ಕತ್ತರಿಸಲು ಮೆಷಿನ್ ಶಾಪಿಗೆ ಕೊಡಿ. ವಾಪಸು ಬಂದ ಹೆಡ್ಡನ್ನು ಕೂರಿಸುವ ಮೊದಲು ಸ್ಪ್ರಿಂಗ್ ಹಾಕಿ, ಒಂದೊಂದು ಪೋರ್ಟಿಗೂ (ಹೆಡ್ಡಿನಲ್ಲಿ ಗಾಳಿ, ಹೊಗೆ ಹೋಗುವ ದಾರಿ) ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ. ವಾಲ್ವ್ ಸುತ್ತ ತೇವ ಕಂಡರೆ ಆ ಸೀಟ್ ಇನ್ನೂ ಆಗಿಲ್ಲ. ಹೆಡ್ ಬೋಲ್ಟಿನ ಗುಂಡಿಗಳಲ್ಲಿ ನೀರು, ಆಯಿಲ್ ಉಳಿಯದಂತೆ ಒರೆಸಿ, ಇಲ್ಲದಿದ್ದರೆ ಟಾರ್ಕ್ (ಬೋಲ್ಟ್ ತಿರುಗಿಸುವ ಬಲ) ಬಂದಂತೆ ತೋರಿಸಿ ಒಳಗೆ ಸಡಿಲವಿರುತ್ತದೆ.

ಹೆಡ್ ಇಳಿಸುವ ಪ್ರಮೇಯ ಬಾರದಿದ್ದರೂ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಗ್ರೈಂಡಿಂಗ್ ಪೇಸ್ಟ್ ಎಷ್ಟು ತೊಳೆದರೂ ಗೈಡಿನಲ್ಲಿ ಚೂರು ಉಳಿದಿರುತ್ತದೆ, ಅದು ಬೇರಿಂಗಿಗೆ ಇಳಿದರೆ ಸೀಟಿಗೆ ಮಾಡಿದ ಕೆಲಸವನ್ನೇ ಅಲ್ಲೂ ಮಾಡುತ್ತದೆ.