ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳನ್ನೂ ಅವುಗಳ ಜೊತೆ ಬರುವ ಪ್ರಿಪೊಸಿಷನ್‌ಗಳನ್ನೂ ಬಾಯಿಪಾಠ ಮಾಡುವುದು ಹೇಗೆ?

ಪಟ್ಟಿ ಇಟ್ಟುಕೊಂಡು ಓದುತ್ತಿದ್ದೇನೆ ಅಂದಿರಿ, ಇಂಟರ್‌ವ್ಯೂ ಮೇಲ್ ಬಗ್ಗೆ, ಕೋಚಿಂಗ್ ಬಗ್ಗೆಯೂ ಕೇಳಿದ್ದೀರಿ. ಕ್ರಿಯಾಪದದ ಜೊತೆ ಆಫ್, ಅಪ್, ಔಟ್ ಥರದ ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಟ್ಟರೆ ಅದು ಫ್ರೇಸಲ್ ವರ್ಬ್. ನಾಮಪದಕ್ಕೆ ಮೊದಲು ಬರುವ ವಿತ್, ಟು, ಆನ್ ಥರದ ಸಣ್ಣ ಪದ ಪ್ರಿಪೊಸಿಷನ್. ನಿಮ್ಮಂಥದ್ದೇ ಪಟ್ಟಿ ನನ್ನ ಹತ್ತಿರಾನೂ ಇತ್ತು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ಒಂದಕ್ಕೆ ಒಂದೇ ಅರ್ಥ. ಕೋಲಾರದಿಂದ ನರಸಾಪುರಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುವಾಗ ಅದನ್ನೇ ಓದುತ್ತಿದ್ದೆ. ‘ಪುಟ್ ಆಫ್’ ಅಂದರೆ ಮುಂದೂಡು. ‘ಕಾಲ್ ಆಫ್’ ಅಂದರೆ ರದ್ದು ಮಾಡು. ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಇಂಗ್ಲಿಷ್ ಮೇಲ್ ಬಂದರೆ ಎದೆ ಡವಡವ ಅನ್ನುತ್ತಿತ್ತು. ಪಟ್ಟಿ ಬಾಯಿಗೆ ಬಂದರೆ ಹೆದರಿಕೆ ಹೋಗುತ್ತೆ ಅಂತ ನಂಬಿದ್ದೆ. ಆ ನಂಬಿಕೆಯೇ ನನಗೆ ಮುಳುವಾಯಿತು.

ಆಗ ನಾನು ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಪ್ಲಾನಿಂಗ್, ಅಂದರೆ ಯಾವ ಮಾಲು ಯಾರಿಗೆ ಯಾವಾಗ ಕಳಿಸಬೇಕು ಅನ್ನುವುದನ್ನು ನೋಡಿಕೊಳ್ಳುತ್ತಿದ್ದೆ. ಹೊಸೂರಿನ ಒಂದು ಕಂಪನಿ ನಮಗೆ ಇಡೀ ವರ್ಷಕ್ಕೆ ಓಪನ್ ಆರ್ಡರ್ ಕೊಟ್ಟಿತ್ತು. ಒಟ್ಟು ಎಷ್ಟು ಬೇಕು ಅಂತ ಮೊದಲೇ ಬರೆದಿರುತ್ತಾರೆ. ಆಮೇಲೆ ಬೇಕಾದಾಗ ಬೇಕಾದಷ್ಟು ಕಳಿಸಿ ಅಂತ ಹೇಳುತ್ತಾ ಹೋಗುತ್ತಾರೆ. ಅಲ್ಲಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಒಂದು ಸಂಜೆ ಮೇಲ್ ಹಾಕಿದರು. ‘ವಿ ವಿಲ್ ಕಾಲ್ ಆಫ್ 400 ನಂಬರ್ಸ್ ಅಗೇನ್ಸ್ಟ್ ದಿ ಓಪನ್ ಆರ್ಡರ್ ಆನ್ ಮಂಡೇ.’

ಕಾಲ್ ಆಫ್ ಅಂದರೆ ರದ್ದು. ಪಟ್ಟಿಯಲ್ಲಿ ಹಾಗೇ ಇತ್ತು, ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಸೋಮವಾರದ ಗಾಡಿಯನ್ನು ಬೇರೆ ಗಿರಾಕಿಗೆ ಹಾಕಿದೆ. ಶಾಪ್ ಫ್ಲೋರ್‌ಗೆ ಹೇಳಿ ಮೆಷಿನ್ ಮೇಲೆ ಬೇರೆ ಪಾರ್ಟ್ ಹಾಕಿಸಿದೆ. ಸೋಮವಾರ ಬೆಳಿಗ್ಗೆ ಹೊಸೂರಿನಿಂದ ಫೋನ್ ಮೇಲೆ ಫೋನ್. ಅವರು 400 ಪೀಸ್ ಕೇಳಿದ್ದರು, ಬೇಡ ಅಂದಿರಲಿಲ್ಲ. ಅವರ ಲೈನ್ ನಿಂತುಹೋಯಿತು. ನಷ್ಟದ ದುಡ್ಡನ್ನು ನಮ್ಮ ಲೆಕ್ಕಕ್ಕೆ ಹಾಕಿ ಡೆಬಿಟ್ ನೋಟ್ ಕಳಿಸಿದರು. ನನ್ನ ಕೆಲಸ ಕಾಯಂ ಆಗುವುದು ಮುಂದಕ್ಕೆ ಹೋಯಿತು, ಪ್ಲಾನಿಂಗ್‌ನಿಂದ ತೆಗೆದು ಸ್ಟೋರ್ಸ್‌ಗೆ ಹಾಕಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ರದ್ದು ಮಾಡು ಅನ್ನುವ ಕಾಲ್ ಆಫ್ ಜೊತೆ ಸಾಮಾನ್ಯವಾಗಿ ಒಂದು ಕಾರ್ಯಕ್ರಮದಂಥದ್ದು ಬರುತ್ತೆ. ಮೀಟಿಂಗ್, ಮ್ಯಾಚ್, ಮುಷ್ಕರ, ಮದುವೆ, ಹುಡುಕಾಟ, ಹೀಗೆ. 400 ಪೀಸ್ ಅನ್ನುವುದು ಕಾರ್ಯಕ್ರಮ ಅಲ್ಲ, ಲೆಕ್ಕ. ಖರೀದಿ ವಿಭಾಗದವರ ಮಾತಿನಲ್ಲಿ ಕಾಲ್ ಆಫ್‌ಗೆ ಇನ್ನೊಂದು ಅರ್ಥ ಇದೆ. ಕಣದಲ್ಲಿರುವ ರಾಗಿ ರಾಶಿಯಿಂದ ಒಂದು ಮೂಟೆ ತೆಗೆದ ಹಾಗೆ, ದೊಡ್ಡ ಆರ್ಡರಿನಿಂದ ಇಷ್ಟು ಅಂತ ಬಿಡಿಸಿ ತರಿಸಿಕೊಳ್ಳುವುದು. ಆಮೇಲೆ ಆ ‘ಅಗೇನ್ಸ್ಟ್’ ನೋಡಿ. ‘ಆ ಆರ್ಡರಿನ ಲೆಕ್ಕಕ್ಕೆ’ ಅಂತ ಅದು ಕೂಗಿ ಹೇಳುತ್ತಿತ್ತು. ಕೊನೆಗೆ ‘ಆನ್ ಮಂಡೇ’. ರದ್ದು ಮಾಡುವವರು ಸೋಮವಾರದವರೆಗೆ ಯಾಕೆ ಕಾಯುತ್ತಾರೆ? ಮೂರು ಸುಳಿವು ಕಣ್ಣ ಮುಂದೇ ಇದ್ದವು. ನಾನು ಎರಡು ಪದ ನೋಡಿ ವಾಕ್ಯವನ್ನು ಬಿಟ್ಟೆ.

ಅದಕ್ಕೇ ಹೇಳುತ್ತೇನೆ, ಬಾಯಿಪಾಠ ಮಾಡುವುದು ಹೇಗೆ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಅದು ಬಾಯಿಪಾಠ ಮಾಡುವಂಥದ್ದಲ್ಲ. ‘ನಾಯಿಗೆ ಹೆದರುತ್ತೇನೆ’ ಅಂತೀರಿ. ‘ನಾಯಿಯನ್ನು ಹೆದರುತ್ತೇನೆ’ ಅಂತ ಚಿಕ್ಕ ಮಗೂನೂ ಹೇಳಲ್ಲ. ನೋಡು ಬೇರೆ, ನೋಡಿಕೊ ಬೇರೆ. ಇದನ್ನೆಲ್ಲ ಯಾರು ನಿಮಗೆ ಪಟ್ಟಿ ಮಾಡಿ ಕೊಟ್ಟರು? ನಮ್ಮ ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು. ಎಲ್ಲವೂ ಇಡೀ ಮಾತಾಗಿ ಕಿವಿಗೆ ಬಿದ್ದೇ ಬಂದವು. ಇಂಗ್ಲಿಷ್ ಕಷ್ಟ ಅನ್ನಿಸುವುದು ನಿಮಗೊಬ್ಬರಿಗೇ ಅಲ್ಲ. ಹೊರಗಿನವರಿಗೆ ತುಂಬಾ ಕಷ್ಟ ಕೊಡುವುದು ಈ ಫ್ರೇಸಲ್ ವರ್ಬ್ ಥರದ ಜೋಡಿಗಳೇ ಅಂತ 1755ರ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಬರೆದಿದ್ದಾರೆ.

ಸ್ಟೋರ್ಸ್‌ನಲ್ಲಿದ್ದಾಗ ನಾನು ಕಲಿತ ರೀತಿಯೇ ಬೇರೆ. ಬಂದ ಮೇಲ್‌ನಿಂದ ಇಡೀ ವಾಕ್ಯವನ್ನು ನೋಟ್‌ಬುಕ್‌ಗೆ ಇಳಿಸಿಕೊಳ್ಳುತ್ತಿದ್ದೆ, ಬಾಲದ ಪ್ರಿಪೊಸಿಷನ್ ಸಮೇತ. ಅದರ ಕೆಳಗೆ ನಮ್ಮ ಸ್ಟೋರ್ಸ್‌ನದೇ ಒಂದು ವಾಕ್ಯ. ಬೋಲ್ಟ್ ಖಾಲಿಯಾದ ದಿನ ಒಂದು ವಿಷಯ ಹೊಳೆಯಿತು. ‘ದಿ ಬೋಲ್ಟ್ಸ್ ಹ್ಯಾವ್ ರನ್ ಔಟ್’ ಅಂದರೆ ಸಾಕು, ಅಲ್ಲಿಗೆ ಮುಗಿಯಿತು. ಆದರೆ ‘ವಿ’ ಅಂತ ಶುರು ಮಾಡಿದರೆ ಏನು ಖಾಲಿಯಾಯಿತು ಅಂತ ಹೇಳಬೇಕಲ್ವಾ? ಅದನ್ನು ಜೋಡಿಸೋದಕ್ಕೆ ಒಂದು ಎಫ್‌ನ ‘ಆಫ್’ (of) ಬರುತ್ತೆ, ಕಾಲ್ ಆಫ್‌ನಲ್ಲಿರುವ ಎರಡು ಎಫ್‌ನದಲ್ಲ. ‘ವಿ ಹ್ಯಾವ್ ರನ್ ಔಟ್ ಆಫ್ ಬೋಲ್ಟ್ಸ್.’ ಮೂರು ಪದದ ಫ್ರೇಸಲ್ ವರ್ಬ್‌ಗಳಲ್ಲಿ ಕೊನೆಯದರ ಕೆಲಸ ಇಷ್ಟೇ, ಮುಂದಿನ ನಾಮಪದವನ್ನು ಹಿಡಿದುಕೊಳ್ಳುವುದು. ಆ ಕೊನೆಯದು ಬದಲಾದರೆ ಹಿಡಿಯುವುದೂ ಬದಲಾಗುತ್ತೆ. ಮುಂದೆ ಹೋದವರನ್ನು ಸೇರಿಕೊಂಡರೆ ‘ಕ್ಯಾಚ್ ಅಪ್ ವಿತ್’. ಬಾಕಿ ಉಳಿದ ಕೆಲಸ ಮುಗಿಸಿದರೆ ‘ಕ್ಯಾಚ್ ಅಪ್ ಆನ್’.

‘ಇಟ್’ ಎಲ್ಲಿ ಕೂರುತ್ತೆ ಅಂತಲೂ ಬರೆದುಕೊಳ್ಳಿ. ‘ಸ್ವಿಚ್ ಇಟ್ ಆಫ್’ ಸರಿ, ‘ಸ್ವಿಚ್ ಆಫ್ ಇಟ್’ ತಪ್ಪು. ‘ಲುಕ್ ಆಫ್ಟರ್ ಇಟ್’ ಸರಿ, ‘ಲುಕ್ ಇಟ್ ಆಫ್ಟರ್’ ಅನ್ನುವ ಹಾಗಿಲ್ಲ. ‘ಪುಟ್ ಅಪ್ ವಿತ್’ನಲ್ಲಿ ಅದು ಕೊನೆಗೇ. ಪಟ್ಟಿಯಲ್ಲಿ ಇದು ಸಿಗಲ್ಲ, ವಾಕ್ಯದಲ್ಲಿ ಸಿಗುತ್ತೆ.

ಇಂಟರ್‌ವ್ಯೂ ಮೇಲ್ ಬಗ್ಗೆ ಕೇಳಿದ್ದೀರಿ. ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಅಂತ ಬರೆಯಿರಿ, ‘ಟು ಮೀಟ್’ ಬೇಡ. ಆ ‘ಟು’ ಪ್ರಿಪೊಸಿಷನ್. ಅನುಮಾನ ಬಂದರೆ ‘ಇಟ್’ ಹಾಕಿ ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಸಲೀಸಾಗಿ ಕೂರುತ್ತೆ ಅಲ್ವಾ? ಹಾಗಿದ್ದರೆ ಮುಂದೆ ‘ಇಂಗ್’ ಬೇಕು. ‘ಕೋಪ್ ಅಪ್ ವಿತ್’ ಅನ್ನುವುದರಲ್ಲಿ ‘ಅಪ್’ ತೆಗೆಯಿರಿ, ‘ಕೋಪ್ ವಿತ್’ ಸಾಕು. ಫಾರ್ಮ್ ತುಂಬುವುದಕ್ಕೆ ಬ್ರಿಟಿಷರು ‘ಫಿಲ್ ಇನ್’ ಅಂತಾರೆ, ಅಮೆರಿಕದವರು ‘ಫಿಲ್ ಔಟ್’ ಅಂತಾರೆ, ನಾವು ‘ಫಿಲ್ ಅಪ್’ ಅಂತೀವಿ. ಇದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ವಿದೇಶದವರಿಗೆ ‘ಐ ಪಾಸ್ಡ್ ಔಟ್’ ಅಂತ ಬರೆಯಬೇಡಿ. ಡಿಗ್ರಿ ಮುಗಿಸಿದೆ ಅಂತ ನೀವು ಹೇಳಿದರೆ ಅವರು ಪ್ರಜ್ಞೆ ತಪ್ಪಿತು ಅಂತ ತಿಳಿಯುತ್ತಾರೆ.

ಕೋಚಿಂಗ್ ಸೇರಲಾ ಅಂದಿರಿ. ಪಟ್ಟಿ ಕೊಟ್ಟು ವಾರ ವಾರ ಟೆಸ್ಟ್ ಮಾಡುವ ಕಡೆಯಾದರೆ ದುಡ್ಡು ಕಟ್ಟಬೇಡಿ. ಅರ್ಥ ಪೂರ್ತಿ ಹಿಡಿತಕ್ಕೆ ಬರದ ಮೇಲ್ ಬಂದಾಗ ಮೊದಲು ಫೋನ್ ತೆಗೆದುಕೊಳ್ಳಿ. ಸೋಮವಾರ 400 ಬೇಕಾ, ಬೇಡ್ವಾ ಅಂತ ನೇರವಾಗಿ ಕೇಳಿ. ಹೊಸೂರಿನಲ್ಲಿ ಕನ್ನಡ, ತೆಲುಗು ಬರುವವರು ಬೇಕಾದಷ್ಟು ಜನ ಇದ್ದಾರೆ.